ಮೊದಲು ಮೊಳಕಾಲ್ಮೂರು ಬಸ್

ದೇಶವನ್ನು ಒಂದೇ ಒಂದು ಗಂಟೆ ನನ್ನ ಕೈಗೆ ಕೊಟ್ಟು ನೋಡಲಿ ಎಂದು ಮನಸ್ಸಿನಲ್ಲಾದರೂ ಅಂದುಕೊಳ್ಳದ ಗಂಡಸನ್ನು ನಾನಿನ್ನೂ ಕಂಡಿಲ್ಲ. ಕ್ಷೌರದಂಗಡಿಯಲ್ಲಿ ಗದ್ದಕ್ಕೆ ಸೋಪು ಬಳಿಸಿಕೊಂಡು ಕೂತವನೂ ಅದೇ ಮಾತಾಡುತ್ತಾನೆ, ಬಳಿಯುವವನೂ ಅದೇ ಮಾತಾಡುತ್ತಾನೆ. ಬಳಿಯುವವನ ಕೈಯಲ್ಲಿ ಕತ್ತಿ ಇರುವುದರಿಂದ ಕೊನೆಗೆ ಅವನ ಮಾತೇ ನಡೆಯುತ್ತದೆ, ಅಷ್ಟೇ. ನನಗೂ ಈ ಚಟ ಇತ್ತು, ಸ್ವಲ್ಪ ಜಾಸ್ತಿಯೇ ಇತ್ತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಏಕೆಂದರೆ ಆ ಚಟ ನನ್ನನ್ನು ಟಿ.ವಿ.ವರೆಗೆ ಕರೆದುಕೊಂಡು ಹೋಗಿ ಇಡೀ ನಾಡಿನ ಮುಂದೆ ಬಾಯಿ ಬಿಡಿಸಿತು.

ಆ ಕಾಲಕ್ಕೆ ನಾನು ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಸಂಚಾರ ನಿಯಂತ್ರಕನಾಗಿದ್ದೆ. ಹುದ್ದೆಯ ಹೆಸರು ಕೇಳಿದವರಿಗೆ ಸಂಚಾರವೆಲ್ಲ ನನ್ನ ನಿಯಂತ್ರಣದಲ್ಲಿತ್ತು ಅನಿಸಬೇಕು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು ಎಂದು ತೀರ್ಮಾನಿಸುವವರು ಮೇಲಿನ ಕಚೇರಿಯವರು, ಯಾರು ಓಡಿಸಬೇಕು ಎನ್ನುವವರು ಡಿಪೋದವರು, ನಿಜವಾಗಿ ಹೊರಡಿಸುವವನು ಡ್ರೈವರು, ಅದೂ ಅವನ ಚಹಾ ಮುಗಿದ ಮೇಲೆ. ನನ್ನ ಪಾಲಿಗೆ ಉಳಿದದ್ದು ಗಾಜಿನ ಕಿಟಕಿಯ ಹಿಂದೆ ಕೂತು ಮೈಕಿನಲ್ಲಿ ಕೂಗುವುದು. 'ತಳಕು, ಬಿ.ಜಿ. ಕೆರೆ, ಹಾನಗಲ್, ಮೊಳಕಾಲ್ಮೂರು ಮಾರ್ಗವಾಗಿ ರಾಯದುರ್ಗಕ್ಕೆ ಹೋಗುವ ಬಸ್ಸು ಮೂರನೇ ಅಂಕಣದಲ್ಲಿ ನಿಂತಿದೆ' ಎಂದು ದಿನಕ್ಕೆ ಏಳು ಸಲ. ಪರಶುರಾಂಪುರದ ಬಸ್ಸನ್ನು ಕೂಗುವಾಗ ನನ್ನ ಗಂಟಲು ಖಣಖಣ ಅನ್ನುತ್ತಿತ್ತು, ಈರುಳ್ಳಿ ಚೀಲದವರೂ ಕುರಿಯವರೂ ಬೆಚ್ಚಿಬಿದ್ದು ಓಡಿಬರುತ್ತಿದ್ದರು. ಮೊಳಕಾಲ್ಮೂರು ಎಂಬ ಹೆಸರು ಬಂದಾಗ ಮಾತ್ರ ದನಿ ಇಳಿದುಬಿಡುತ್ತಿತ್ತು. ಯಾಕೆಂದರೆ ನನ್ನ ಹೆಂಡತಿ ಮೊಳಕಾಲ್ಮೂರಿನಲ್ಲಿದ್ದಳು.

ಜಗಳ ಮಾಡಿಕೊಂಡು ತವರಿಗೆ ಹೋದವಳಲ್ಲ. ಜಗಳವಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು, ಕಾಲಿಗೆ ಬಿದ್ದಾದರೂ ಕರಕೊಂಡು ಬರುತ್ತಿದ್ದೆ. ವರಲಕ್ಷ್ಮಿಯದು ತೆಲುಗು ಮಾತಾಡುವ ನೇಕಾರರ ಮನೆ, ರೇಷ್ಮೆ ಸೀರೆ ನೇಯುವವರು. ನಮ್ಮದು ನನ್ನಿವಾಳ ಹಳ್ಳಿಯ ಬೇಸಾಯದ ಮನೆ, ಕಡಲೆಕಾಯಿ ಕೀಳುವುದು ಬಿಟ್ಟರೆ ಕೈಗೆ ಬೇರೆ ವಿದ್ಯೆ ಬರುವುದಿಲ್ಲ. ಚಳ್ಳಕೆರೆಗೆ ಟೈಪಿಂಗ್ ಕಲಿಯಲು ಬರುತ್ತಿದ್ದ ಅವಳು ದಿನಾ ಸಂಜೆ ನನ್ನ ಕಿಟಕಿಗೆ ಬಂದು "ಮೊಳಕಾಲ್ಮೂರು ಬಸ್ ಎಷ್ಟೊತ್ತಿಗ್ರಿ?" ಅಂತ ಕೇಳುತ್ತಿದ್ದಳು. ವೇಳೆ ಅವಳಿಗೆ ಬಾಯಿಪಾಠ ಇತ್ತು ಅನ್ನುವುದು ನನಗೆ ಗೊತ್ತಾಗಲು ಆರು ತಿಂಗಳು ಬೇಕಾಯಿತು. ಎರಡೂ ಮನೆಯವರು ಒಂದಿಷ್ಟು ದಿನ ಮುಖ ತಿರುಗಿಸಿದರು, ಆಮೇಲೆ ಮದುವೆಯಾಯಿತು. ಮಾವ ಕೊಂಡಯ್ಯನವರು ಬಹಳ ದಿನ ನನ್ನನ್ನು 'ಮಗ್ಗ ಗೊತ್ತಿಲ್ಲದ ಅಳಿಯ' ಅಂತಲೇ ಬೇರೆಯವರಿಗೆ ಪರಿಚಯಿಸುತ್ತಿದ್ದರು, ಕಣ್ಣು ಕಾಣದ ಅಳಿಯ ಅನ್ನುವಷ್ಟೇ ಮರುಕದಿಂದ.

ಮದುವೆಯಾದ ಮೂರನೇ ವರ್ಷ ಅತ್ತೆ ತೀರಿಕೊಂಡರು. ಅವರ ಮನೆಯ ಮಗ್ಗಕ್ಕೆ ಇಬ್ಬರು ಬೇಕು. ಸೀರೆಯ ಎರಡೂ ಕಡೆ ಬೇರೆ ಬಣ್ಣದ ಅಂಚು ಬರಬೇಕಾದರೆ ಒಬ್ಬರು ಕೂತು ನೇಯಬೇಕು, ಇನ್ನೊಬ್ಬರು ಎಡಕ್ಕೆ ಕೂತು ಅಂಚಿನ ಲಾಳಿಯನ್ನು ಆ ಕಡೆಯಿಂದ ಎಸೆದುಕೊಡಬೇಕು. ನಲವತ್ತು ವರ್ಷ ಎಡಕ್ಕೆ ಕೂತಿದ್ದವರು ಅತ್ತೆ. ಅವರು ಹೋಗುವಾಗ ಮಗ್ಗದ ಮೇಲೆ ಒಂದು ಹಾಸು ಅರ್ಧ ನೇಯ್ದದ್ದು ಹಾಗೇ ಇತ್ತು. ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿರುತ್ತಾರಲ್ಲ, ಆ ಸಾವಿರಾರು ಎಳೆಗಳು. "ಅಪ್ಪಯ್ಯ ಒಬ್ಬನೇ ಏನ್ ಮಾಡ್ತಾನೆ? ಈ ಹಾಸು ಮುಗಿದ ಮ್ಯಾಲೆ ಬರ್ತೀನಿ" ಅಂದಳು ವರಲಕ್ಷ್ಮಿ. ಧಾರಾಳವಾಗಿ ಆಗಲಿ ಅಂದೆ. ಅರ್ಧ ಹಾಸು ಅಂದರೆ ಎರಡು ಸೀರೆ, ಎರಡು ಸೀರೆ ಅಂದರೆ ಇಪ್ಪತ್ತು ಇಪ್ಪತ್ತೈದು ದಿನ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೆ.

ಅಲ್ಲಿಂದ ಪ್ರತಿ ಭಾನುವಾರ, ನನ್ನ ವಾರದ ರಜೆ, ಬೆಳಗಿನ ಬಸ್ಸಿಗೆ ಮೊಳಕಾಲ್ಮೂರಿಗೆ ಹೋಗಿ ಸೋಮವಾರ ಮೊದಲ ಬಸ್ಸಿಗೆ ಬರುವುದು ಶುರುವಾಯಿತು. ಭಾನುವಾರವೂ ಅವರು ನೇಯುತ್ತಿದ್ದರು. ಮಗ್ಗದವರಿಗೆ ಅಮಾವಾಸ್ಯೆಗೆ ಮಾತ್ರ ರಜೆ. ಹಾಗಾಗಿ ನಾನು ಹೋಗಿ ನೆಲದ ಗುಂಡಿಯಲ್ಲಿ ಹೂಡಿದ ಮಗ್ಗದ ಪಕ್ಕ ಚಾಪೆ ಹಾಕಿಕೊಂಡು ಕೂತು ಹೆಂಡತಿಯ ಎಡಗೈ ನೋಡುತ್ತಿದ್ದೆ. ಅವಳು ಎಳೆಯ ಮೇಲಿನ ಕಣ್ಣು ತೆಗೆಯದೆ "ಊಟ ಆಯ್ತಾ? ಅಂಗಿ ಗುಂಡಿ ಯಾಕೆ ಕಿತ್ತೋಗೈತೆ?" ಅಂತ ಕೇಳುತ್ತಿದ್ದಳು. ಎಳೆ ನೋಡುತ್ತಲೇ ಗುಂಡಿ ಹೇಗೆ ನೋಡಿದಳೋ ದೇವರಿಗೇ ಗೊತ್ತು. ಸಂಜೆ ಐದು ಹೊಡೆದಾಗ ಮಾತ್ರ ಮಗ್ಗದ ಸದ್ದು ನಿಲ್ಲುತ್ತಿತ್ತು. ಆಗ ಟಿ.ವಿ.ಯಲ್ಲಿ 'ನಾಡು ನಿಮ್ಮ ಕೈಲಿ' ಬರುತ್ತಿತ್ತು.

ಕೇಬಲ್ಲು ಹೊಸದಾಗಿ ಬಂದ ಕಾಲ, ಈಗ ಆ ಕಾರ್ಯಕ್ರಮ ಯಾರಿಗೂ ನೆನಪಿರಲಿಕ್ಕಿಲ್ಲ. ದರ್ಜಿ, ನಿವೃತ್ತ ಹೆಡ್‌ಮಾಸ್ತರು, ಹಾಲಿನ ಡೇರಿಯ ಹೆಂಗಸು, ಹೀಗೆ ಐದು ಜನ ಸಾಮಾನ್ಯರನ್ನು ಉದ್ದದ ಮೇಜಿನ ಸುತ್ತ ಕೂರಿಸುತ್ತಿದ್ದರು. ಮೇಜಿನ ಮೇಲೆ ಕೆಂಪು ಟೆಲಿಫೋನು, ಗೋಡೆಯ ಮೇಲೆ ಬಲ್ಬು ಹತ್ತುವ ನಕ್ಷೆ. ಸೈರನ್ ಕೂಗುತ್ತಿತ್ತು. ಟೈ ಕಟ್ಟಿದ ನಿರೂಪಕ, ಕರಾವಳಿಗೆ ಚಂಡಮಾರುತ ಬಡಿದಿದೆ ಅಂತಲೋ, ಉಪಗ್ರಹ ತಪ್ಪಿ ನಮ್ಮ ಮೇಲೇ ಬೀಳುತ್ತಿದೆ ಅಂತಲೋ ಹೇಳಿ 'ನಿಮ್ಮ ಮೊದಲ ಆದೇಶ ಏನು?' ಎಂದು ಕೇಳುತ್ತಿದ್ದ. ಎಲ್ಲ ಸುಳ್ಳು ಸುಳ್ಳೇ ಆಪತ್ತು, ಆದರೆ ದರ್ಜಿ ಕೆಂಪು ಫೋನು ಎತ್ತಿ "ಸೈನ್ಯ ಕಳಿಸಿ" ಅಂದಾಗ ನನ್ನ ಮೈ ಜುಮ್ಮೆನ್ನುತ್ತಿತ್ತು. ಕೊನೆಯಲ್ಲಿ ಮೀಸೆಯ ನಿವೃತ್ತ ಸೇನಾಧಿಕಾರಿಯೊಬ್ಬರು ಯಾರ ಆದೇಶ ಸರಿ, ಯಾರದು ತಪ್ಪು ಎಂದು ತೀರ್ಪು ಕೊಡುತ್ತಿದ್ದರು.

ಆ ಓಣಿಯಲ್ಲಿ ಟಿ.ವಿ. ಇದ್ದದ್ದು ಮಾವನ ಮನೆಯಲ್ಲಿ ಮಾತ್ರ, ಹಾಗಾಗಿ ಅಕ್ಕಪಕ್ಕದವರೆಲ್ಲ ಬಂದು ಕೂರುತ್ತಿದ್ದರು. ಒಂದು ವಾರ ದೇಶದ ಕರೆಂಟೆಲ್ಲ ಹೋಗಿದೆ ಎಂಬ ಆಪತ್ತು ಕೊಟ್ಟರು. ಸೈರನ್ ಕೂಗಿತು, ನಕ್ಷೆಯ ಬಲ್ಬುಗಳು ಒಂದೊಂದಾಗಿ ಆರಿದವು, ಪರದೆ ಪೂರ್ತಿ ಕಪ್ಪಾಯಿತು. ಆಹಾ, ಏನು ತೆಗೆದಿದ್ದಾರಪ್ಪ ಎಂದು ನಾವೆಲ್ಲ ಉಸಿರು ಬಿಗಿಹಿಡಿದು ಕಪ್ಪು ಪರದೆಯನ್ನೇ ಕಾಲು ಗಂಟೆ ನೋಡಿದೆವು. ಪಕ್ಕದ ಮನೆಯಾಕೆ ಬಂದು "ನಿಮ್ಮನೆಯಾಗೂ ಕರೆಂಟ್ ಹೋಗೈತಾ?" ಅಂತ ಕೇಳಿದ ಮೇಲೆ ಗೊತ್ತಾಯಿತು. ವರಲಕ್ಷ್ಮಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ತಾಯಿ ಹೋದ ಮೇಲೆ ಅವಳು ನಕ್ಕದ್ದು ಅವತ್ತೇ ಮೊದಲು.

ಯಾವ ಆಪತ್ತು ಬಂದರೂ ನಾನು ಟಿ.ವಿ.ಯವರಿಗಿಂತ ಮೊದಲೇ ಆದೇಶ ಹೊರಡಿಸುತ್ತಿದ್ದೆ. "ಮೊದ್ಲು ಹೆಲಿಕಾಪ್ಟರ್ ಕಳಿಸ್ರಿ! ಸೇತುವೆ ಬಂದ್ ಮಾಡ್ರಿ!" ಅಂತ ಚಾಪೆಯ ಮೇಲೆ ಕೂತೇ ಕೂಗುತ್ತಿದ್ದೆ. ಮಾವ ಮಾತ್ರ ಬೀಡಿ ಹಚ್ಚಿಕೊಂಡು ಚಂಡಮಾರುತಕ್ಕೂ ಉಪಗ್ರಹಕ್ಕೂ ಒಂದೇ ಉತ್ತರ ಕೊಡುತ್ತಿದ್ದರು. "ಮುಂದು ತೆಗಿನ ಪೋಗು ಎಕ್ಕಡುಂದೋ ಚೂಡಂಡಿ." ಮೊದಲು ಹರಿದ ಎಳೆ ಎಲ್ಲಿದೆ ಅಂತ ನೋಡಿರಿ ಅಂತ. ಮಗ್ಗದಲ್ಲಿ ಏನೇ ಎಡವಟ್ಟಾದರೂ ಅವರು ಮಾಡುವುದು ಅದನ್ನೇ, ಕೈಗೆ ಸಿಕ್ಕಿದ್ದು ಎಳೆಯುವುದಿಲ್ಲ, ಬೆರಳು ಆಡಿಸಿ ಹರಿದ ಎಳೆ ಹುಡುಕುತ್ತಾರೆ. "ಮಾವಾ, ಉಪಗ್ರಹ ಬೀಳ್ತೈತೆ, ಇಲ್ಲೆಲ್ಲಿಂದ ಬಂತು ಎಳೆ?" ಎಂದು ನಾನು ರೇಗುತ್ತಿದ್ದೆ. ಅವರು ಹೊಗೆ ಬಿಡುತ್ತಿದ್ದರು.

ಹೀಗಿರುತ್ತ ಒಂದು ಭಾನುವಾರ ನೋಡುತ್ತೇನೆ, ಹಾಸು ಇನ್ನೊಂದು ಮೊಳವೂ ಉಳಿದಿಲ್ಲ. ನನ್ನ ಸಂತೋಷಕ್ಕೆ ಪಾರವೇ ಇಲ್ಲ. ಚಳ್ಳಕೆರೆಗೆ ಬಂದವನೇ ಮನೆಗೆ ಸುಣ್ಣ ಹೊಡೆದೆ. ಒಣಗಿಹೋಗಿದ್ದ ತುಳಸಿ ಕಿತ್ತು ಹೊಸದು ನೆಟ್ಟೆ. ಅವಳಿಲ್ಲದಾಗ ಸುಟ್ಟಿದ್ದ ಪಾತ್ರೆಗಳನ್ನು ಇದ್ದಿಲು ಹಾಕಿ ತಿಕ್ಕಿದೆ, ಒಂದು ಮಾತ್ರ ಬೆಳ್ಳಗಾಗಲಿಲ್ಲ, ಅದನ್ನು ಅಟ್ಟದ ಮೇಲೆ ಬಚ್ಚಿಟ್ಟೆ. ಮುಂದಿನ ಭಾನುವಾರ ಅವಳ ಟ್ರಂಕು ಹೊರಲು ತಯಾರಾಗಿ ಹೋದರೆ ಮಗ್ಗದ ಮೇಲೆ ಹಾಸು ತುಂಬಿ ನಿಂತಿದೆ! ಮಾವ ಬೆರಳಿಗೆ ಬೂದಿ ಹಚ್ಚಿಕೊಂಡು ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆಯುತ್ತ ಕೂತಿದ್ದಾರೆ.

"ಹಾಸು ಮುಗೀತು ಅಂದ್ಕಂಡಿದ್ನಲ್ಲ ಮಾವಾ?" ಅಂದೆ.

"ಹಾಸು ಎಲ್ಲಾದ್ರೂ ಮುಗೀತೈತೇನಯ್ಯಾ?" ಅಂದರು ಅವರು, ತಲೆ ಎತ್ತದೆ. "ಹಳೇದರ ತುದಿಗೆ ಹೊಸದು ಹೊಸೀತೀವಿ. ನಮ್ಮಪ್ಪ ಹೂಡಿದ್ದು, ಇನ್ನೂ ನಡೀತೈತೆ."

ನಾನು ವರಲಕ್ಷ್ಮಿಯ ಮುಖ ನೋಡಿದೆ. ಹಿತ್ತಲಿಗೆ ಹೋದಾಗ ಹಿಂದೆಯೇ ಬಂದಳು. "ನನಗೆ ಗೊತ್ತಿತ್ತು ಕಣ್ರಿ" ಅಂದಳು. "ಹಂಗಂದಿದ್ರೆ ನೀವು ಕಳಿಸ್ತಿರ್ಲಿಲ್ಲ. ಅಪ್ಪಯ್ಯನ್ನ ಬಿಟ್ಟು ಹೆಂಗ್ ಬರ್ಲಿ ಹೇಳ್ರಿ. ಅವನ ಕೈ ನಿಂತರೆ ಅವನೂ ನಿಂತುಬಿಡ್ತಾನೆ." ಇನ್ನೊಂದು ಮಾತೂ ಸೇರಿಸಿದಳು. "ನನಗೂ ಮಗ್ಗದ ಮುಂದೆ ಕೂತ್ರೆ ಅವ್ವ ಪಕ್ಕದಾಗೇ ಐದಾಳೆ ಅನ್ಸತೈತೆ." ಬಾ ಅನ್ನುವ ಹಕ್ಕು ನನಗಿತ್ತು. ಬಂದುಬಿಡು, ನೀನಿಲ್ಲದೆ ಆ ಮನೆಯಲ್ಲಿ ಗೋಡೆ ನೋಡಿಕೊಂಡು ಉಂಡು ಸಾಕಾಗಿದೆ ಎಂದು ಹೇಳಬೇಕೆಂದಿದ್ದವನು "ತುಳಸಿ ಗಿಡ ಹೊಸದು ನೆಟ್ಟಿದೀನಿ" ಅಂದೆ.

ಮನುಷ್ಯನಿಗೆ ತನ್ನ ಮನೆಯಲ್ಲಿ ಆದೇಶ ನಡೆಯದಿದ್ದಾಗಲೇ ದೇಶಕ್ಕೆ ಆದೇಶ ಕೊಡುವ ಆಸೆ ಹೆಚ್ಚುತ್ತದೋ ಏನೋ. ಆ ವಾರದಿಂದ ನಾನು 'ನಾಡು ನಿಮ್ಮ ಕೈಲಿ'ಗೆ ಪೋಸ್ಟ್‌ಕಾರ್ಡು ಬರೆಯತೊಡಗಿದೆ. ಪ್ರತಿ ವಾರ ಒಬ್ಬ ವೀಕ್ಷಕನಿಗೆ ಫೋನು ಮಾಡಿ, ನೇರ ಪ್ರಸಾರದಲ್ಲೇ ಅವನ ಮೊದಲ ಆದೇಶ ಕೇಳುತ್ತಿದ್ದರು. ಕಾರ್ಡು ಬರೆದವರಿಗೆಲ್ಲ ಅವರು ಕಳಿಸುತ್ತಿದ್ದ ಅರ್ಜಿಯಲ್ಲಿ 'ನೀವು ಸ್ವತಃ ನಿಭಾಯಿಸಿದ ಒಂದು ತುರ್ತು ಪರಿಸ್ಥಿತಿ' ಎಂಬ ಪ್ರಶ್ನೆ ಇತ್ತು. ಪರಶುರಾಂಪುರದ ಬಸ್ಸಿನಲ್ಲಿ ಟಗರೊಂದು ಹಗ್ಗ ಕಿತ್ತುಕೊಂಡು ಐವತ್ತು ಪ್ರಯಾಣಿಕರನ್ನು ಕೆಳಗಿಳಿಸಿ ತಾನೊಂದೇ ಸೀಟಿನ ಮೇಲೆ ನಿಂತಿದ್ದನ್ನು ವಿವರವಾಗಿ ಬರೆದೆ. ನಾನು ಮೈಕಿನಲ್ಲಿ ಕೂಗಿ ಪರಿಸ್ಥಿತಿ ಹತೋಟಿಗೆ ತಂದೆ ಎಂದೂ ಬರೆದೆ. ಟಗರು ಇಳಿದದ್ದು ಅದರ ಯಜಮಾನ ಕಡಲೆ ಸೊಪ್ಪು ತೋರಿಸಿದ್ದಕ್ಕೆ ಎಂಬುದನ್ನು ಬರೆಯಲಿಲ್ಲ.

ಏನಾಶ್ಚರ್ಯವೋ, ಉತ್ತರ ಬಂತು. ಬರುವ ಭಾನುವಾರ ಸಂಜೆ ಐದೂ ಇಪ್ಪತ್ತಕ್ಕೆ ಕರೆ ಮಾಡುತ್ತೇವೆ, ನೀವು ಕೊಟ್ಟ ನಂಬರಿನ ಬಳಿ ಇರಿ ಎಂದು. ಕೊಟ್ಟ ನಂಬರು ಬಸ್ ಸ್ಟ್ಯಾಂಡಿನ ಎದುರಿಗಿದ್ದ ಬಾಷಾನ ಎಸ್.ಟಿ.ಡಿ. ಬೂತಿನದು. ಮಾವನ ಮನೆಯಲ್ಲಿ ಫೋನಿರಲಿಲ್ಲ. ಅಂದರೆ ಆ ಭಾನುವಾರ ನಾನು ಮೊಳಕಾಲ್ಮೂರಿಗೆ ಹೋಗುವ ಹಾಗಿಲ್ಲ. ಒಂದು ವಾರ ತಾನೇ ಅಂದುಕೊಂಡು ಮೊಳಕಾಲ್ಮೂರು ಬಸ್ಸಿನ ಡ್ರೈವರ್ ಓಬಳೇಶನ ಕೈಲಿ 'ಈ ವಾರ ಬರುವುದಿಲ್ಲ, ಐದಕ್ಕೆ ಟಿ.ವಿ. ಹಾಕು, ಅದರಲ್ಲಿ ನಾನು ಬರುತ್ತೇನೆ' ಎಂದು ಚೀಟಿ ಕಳಿಸಿದೆ.

ಭಾನುವಾರ ನಾಲ್ಕೂವರೆಗೇ ಇಸ್ತ್ರಿ ಅಂಗಿ ಹಾಕಿಕೊಂಡು ಬೂತಿನಲ್ಲಿ ಕೂತೆ. ಫೋನಿನಲ್ಲಿ ಅಂಗಿ ಕಾಣುವುದಿಲ್ಲ ಅನ್ನುವುದು ಗೊತ್ತಿತ್ತು, ಆದರೂ ಗುಂಡಿ ಹಾಕಿಸಿಕೊಂಡಿದ್ದೆ. ಕೈಯಲ್ಲೊಂದು ಚೀಟಿ. ಯಾವ ಆಪತ್ತು ಬಂದರೂ ಸಲ್ಲುವಂತೆ 'ಆಸ್ಪತ್ರೆ, ಕುಡಿಯುವ ನೀರು, ಹಾಲು, ಸೈನ್ಯ' ಎಂದು ಬರೆದಿಟ್ಟುಕೊಂಡಿದ್ದೆ. ಬಾಷಾ ಗಿರಾಕಿಗಳನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿ "ಘಾಬರಿ ಆಗ್ಬ್ಯಾಡ್ರಿ ಸಾಹೇಬ್ರೇ, ಆರಾಮ್ ಸೇ ಮಾತಾಡ್ರಿ" ಅಂದ. ಐದೂ ಇಪ್ಪತ್ತಕ್ಕೆ ಫೋನು ಬಂತು.

"ಚಳ್ಳಕೆರೆಯ ಸಂಚಾರ ನಿಯಂತ್ರಕರೇ, ನಿಮ್ಮ ಕ್ಷೇತ್ರದ್ದೇ ಆಪತ್ತು!" ಅಂದ ನಿರೂಪಕ. "ದೇಶದಲ್ಲಿ ಬಸ್ಸು, ರೈಲು, ವಿಮಾನ ಎಲ್ಲ ನಿಂತುಹೋಗಿವೆ. ಜನ ಅಲ್ಲಲ್ಲೇ ಸಿಕ್ಕಿಕೊಂಡಿದ್ದಾರೆ. ನೀವು ಹೇಳಿದ ವಾಹನ ಮೊದಲು ಹೊರಡುತ್ತದೆ. ಮೂವತ್ತು ಸೆಕೆಂಡು. ನಿಮ್ಮ ಮೊದಲ ಆದೇಶ?"

ಚೀಟಿ ಕೈಯಲ್ಲೇ ಇತ್ತು. ಓದಿದ್ದರೆ ಸಾಕಿತ್ತು. ಆದರೆ ಬೂತಿನ ಗಾಜಿನಾಚೆ ಐದೂವರೆಯ ಬಸ್ಸು ಇಂಜಿನ್ ಚಾಲೂ ಮಾಡಿಕೊಂಡು ಮೂರನೇ ಅಂಕಣದಲ್ಲಿ ನಡುಗುತ್ತ ನಿಂತಿತ್ತು. ನನ್ನ ರಜೆಯ ದಿನ ಕೂಗುವ ಇನ್ನೊಬ್ಬರ ದನಿ ಮೈಕಿನಲ್ಲಿ ಕೇಳುತ್ತಿತ್ತು, ತಳಕು, ಬಿ.ಜಿ. ಕೆರೆ, ಹಾನಗಲ್... ಇಷ್ಟು ತಿಂಗಳಲ್ಲಿ ಅವಳ ಮುಖ ನೋಡದ ಮೊದಲ ಭಾನುವಾರ ಇದು ಎಂದು ಥಟ್ಟನೆ ಹೊಳೆಯಿತು.

"ಮೊದ್ಲು ಮೊಳಕಾಲ್ಮೂರು ಬಸ್ ಬಿಡ್ರಿ" ಅಂದೆ.

"ಮೊಳ... ಎಲ್ಲಿ ಬರುತ್ತೆ ಅದು?"

"ಹಾನಗಲ್ ಆದ್ಮೇಲೆ ಸಾರ್."

"ಅಲ್ಲಿ ಏನಿದೆ? ಸೇನಾ ನೆಲೆಯೇ? ದೊಡ್ಡ ಆಸ್ಪತ್ರೆಯೇ?"

"ನನ್ನ ಹೆಂಡ್ತಿ ಐದಾಳೆ ಸಾರ್."

ಆ ಕಡೆ ಸ್ಟುಡಿಯೋದಲ್ಲಿ ಕೂತ ಸಭಿಕರೆಲ್ಲ ಘೊಳ್ಳೆಂದು ನಕ್ಕರು. ಮೀಸೆಯ ಅಧಿಕಾರಿ "ಇಂಥವರ ಕೈಗೆ ನಾಡು ಕೊಟ್ಟರೆ ಆಯಿತು!" ಅಂದದ್ದು ಕೇಳಿಸಿತು, ಲೈನು ಕಟ್ಟಾಯಿತು. ಬಾಷಾ ನನ್ನ ಮುಖವನ್ನೇ ನೋಡುತ್ತಿದ್ದವನು ಚಹಾ ತರಿಸಿದ. "ಸಚ್ ಹೇಳಿದ್ರಿ ಬಿಡ್ರಿ" ಅಂದ. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತ್ತು. ನಾಳೆಯಿಂದ ಮೈಕು ಹಿಡಿದು ಹೇಗೆ ಕೂಗಲಿ? ಅದಕ್ಕಿಂತ ಹೆಚ್ಚಾಗಿ, ಓಣಿಯವರೆಲ್ಲ ಕೂತು ನೋಡುವಾಗ ಅವಳ ಮಾನ ಕಳೆದೆನಲ್ಲ ಎಂದು ಒದ್ದಾಡಿದೆ. ಮನೆಗೂ ಹೋಗದೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೇ ಕೂತುಬಿಟ್ಟೆ.

ಏಳೂವರೆಗೆ ಮೊಳಕಾಲ್ಮೂರಿನಿಂದ ಬಸ್ಸು ಬಂತು. ಇಳಿದವರಲ್ಲಿ ವರಲಕ್ಷ್ಮಿ ಇದ್ದಳು. ಕೈಯಲ್ಲಿ ಬುತ್ತಿ ಗಂಟು, ಬೆರಳಲ್ಲಿ ಇನ್ನೂ ರೇಷ್ಮೆಯ ಕೆಂಪು ಬಣ್ಣ. ನಾನು ಎದ್ದು ನಿಂತೆ.

"ಬಸ್ ಬಿಡ್ರಿ ಅಂದ್ರಲ್ಲ, ಬಂದೆ" ಅಂದಳು.

"ಓಣಿಯೋರೆಲ್ಲ ನಕ್ರಾ?"

"ಭಾಳ ನಕ್ರು. ಅಪ್ಪಯ್ಯ ಎದ್ದು ಟಿ.ವಿ. ಆರಿಸಿಬಿಟ್ಟ. ಬೀಡಿ ಬಿಸಾಕಿ, 'ತೆಗಿನ ಪೋಗು ಅಕ್ಕಡುಂದಿ, ಪೋ ಅಮ್ಮಾ' ಅಂದ." ಹರಿದ ಎಳೆ ಅಲ್ಲಿದೆ, ಹೋಗಮ್ಮ ಅಂತ. ಇದನ್ನು ಹೇಳಿ ಅವಳು ನನ್ನ ಅಂಗಿ ನೋಡಿ "ಗುಂಡಿ ಯಾರು ಹಾಕಿದ್ರು? ಬ್ಯಾರೆ ಬಣ್ಣದ್ದು ಹಾಕ್ಯಾರೆ" ಅಂದಳು. ನನಗೆ ಬಸ್ ಸ್ಟ್ಯಾಂಡಿನಲ್ಲೇ ಕಣ್ಣು ತುಂಬಿ ಬಂತು. ಮನೆಗೆ ಹೋಗಿ ಅವಳು ತಂದ ರೊಟ್ಟಿ, ಕಡಲೆಕಾಯಿ ಚಟ್ನಿ ಇಬ್ಬರೂ ಕೂತು ಉಂಡೆವು. ಸುಣ್ಣ ಹೊಡೆದ ಗೋಡೆ ನೋಡಿದಳು, ತುಳಸಿಗೆ ನೀರು ಹಾಕಿದಳು, ಅಟ್ಟದ ಮೇಲಿನ ಸುಟ್ಟ ಪಾತ್ರೆಯನ್ನು ಬಂದ ಅರ್ಧ ಗಂಟೆಯಲ್ಲೇ ಪತ್ತೆ ಹಚ್ಚಿದಳು. "ಬೆಳಿಗ್ಗೆ ಆರೂವರೆ ಬಸ್ಸಿಗೆ ಹೋಗ್ಬೇಕು, ಹಾಸು ಅರ್ಧಕ್ಕೈತೆ" ಅಂದಳು. ಗೊತ್ತು ಅಂದೆ.

ಊರಲ್ಲೇ ಇದ್ದೆನಲ್ಲ, ಅವತ್ತು ಸೋಮವಾರ ಬೆಳಗಿನ ಡ್ಯೂಟಿ ನನಗೇ ಬಿತ್ತು. ಅವಳನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ ಬಂದು ಗಾಜಿನ ಹಿಂದೆ ಕೂತೆ. ಆರೂವರೆಯಾಯಿತು. ಓಬಳೇಶ ಅವತ್ತು ಚಹಾ ಬೇಗ ಮುಗಿಸಿ, ಯಾವತ್ತೂ ಇಲ್ಲದವನು, ನನ್ನ ಕೂಗಿಗೆ ಕಾಯುತ್ತಿದ್ದ. ನಾನು ಮೈಕು ಹಿಡಿದೆ. ತಳಕು ಅನ್ನಲು ಬಾಯಿ ತೆರೆದೆ, ಬರಲಿಲ್ಲ. "ಬಿಡಾನಾ ಸ್ವಾಮೀ?" ಎಂದು ಓಬಳೇಶ ಕೂಗಿದ. "ತಡಿಯಪ್ಪ, ಹಿಂದಿನ ಟೈರು ನೋಡು" ಅಂದೆ. ನೋಡಿ ಬಂದ. "ಇನ್ನೊಂದ್ ಸಲ ನೋಡು" ಅಂದೆ. ಮತ್ತೆ ನೋಡಿ ಬಂದ. ಹಾನಗಲ್ಲಿಗೆ ಹೋಗುವ ಹತ್ತು ಜನರ ಪಾರ್ಟಿಯೊಂದು ಬರಬೇಕು ಅಂದೆ, ಅಂಥ ಪಾರ್ಟಿ ಯಾವುದೂ ಇರಲಿಲ್ಲ. ಪ್ರಯಾಣಿಕರು ಬಸ್ಸಿನ ಮೈ ಬಡಿಯತೊಡಗಿದರು. "ನಿನ್ನೆ ಟಿ.ವಿ.ಯಾಗೆ ಬಿಡ್ರಿ ಬಿಡ್ರಿ ಅಂತ ಬಡ್ಕಂಡೆ, ಈಗ ಯಾಕಲೇ ಹಿಡ್ಕಂಡು ಕುಂತೀಯ?" ಅಂತ ಯಾರೋ ಕೂಗಿದರು. ಕೊನೆಗೆ ವರಲಕ್ಷ್ಮಿಯೇ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ನಗುತ್ತಿದ್ದಳು, ಕಣ್ಣು ಮಾತ್ರ ಒದ್ದೆಯಾಗಿತ್ತು. "ಕೂಗ್ರಿ, ಅಪ್ಪಯ್ಯ ಕಾಯ್ತಾನೆ. ಭಾನುವಾರ ಬರ್ತೀರಲ್ಲ" ಅಂದಳು. ಕೂಗಿದೆ. ಮೂರನೇ ಅಂಕಣ ಖಾಲಿಯಾಯಿತು.

ಆ ವಾರದಲ್ಲೇ ನನಗೆ ಮೇಲಿನಿಂದ ಒಂದು ನೋಟೀಸು ಬಂತು. ಆರೂವರೆಯ ಮೊಳಕಾಲ್ಮೂರು ಬಸ್ಸು ಹನ್ನೊಂದು ನಿಮಿಷ ತಡವಾಗಿ ಹೊರಟಿದೆ, ಯಾರ ಆದೇಶದ ಮೇಲೆ ತಡೆಹಿಡಿಯಲಾಯಿತು, ಲಿಖಿತ ಉತ್ತರ ಕೊಡುವುದು. ಟೈರು ಎಂದು ಬರೆದೆ, ಹೊಡೆದುಹಾಕಿದೆ. ಪಾರ್ಟಿ ಎಂದು ಬರೆದೆ, ಅದನ್ನೂ ಹೊಡೆದುಹಾಕಿದೆ. ಕೊನೆಗೆ ಹೊಸ ಹಾಳೆ ತೆಗೆದುಕೊಂಡು 'ನನ್ನ ಆದೇಶದ ಮೇಲೆ' ಎಂದು ಬರೆದು ಸಹಿ ಮಾಡಿ ಕಳಿಸಿದೆ. ಜೀವಮಾನದಲ್ಲಿ ನಾನು ಸ್ವಂತವಾಗಿ ಹೊರಡಿಸಿದ ಒಂದೇ ಒಂದು ಆದೇಶ ಅದು. ಹನ್ನೊಂದು ನಿಮಿಷ ಜಾರಿಯಲ್ಲಿತ್ತು.